ಹದಿನಾರು ವರ್ಷದ ಅಕ್ಕೋರು

ಉತ್ತರ ಕರ್ನಾಟಕದ ಊರುಗಳಲ್ಲಿ ಶಾಲೆಯ ಉಪಾಧ್ಯಾಯಿನಿಯನ್ನು ಮಕ್ಕಳು ‘ಅಕ್ಕೋರು’ ಎಂದು ಕರೆಯುತ್ತಾರೆ. ‘ಅಕ್ಕ’ ಎಂಬಲ್ಲಿ ಸಲಿಗೆಯಿದೆ. ಅದಕ್ಕೆ ಹತ್ತಿಕೊಂಡ ಬಹುವಚನದಲ್ಲಿ ಮರ್ಯಾದೆಯಿದೆ. ಸಾಮಾನ್ಯವಾಗಿ ಈ ಹೆಸರು ಒಬ್ಬಳಿಗೆ ಸಲ್ಲಬೇಕಾದರೆ ತರಬೇತಿಯ ಪರೀಕ್ಷೆ, ನೇಮಕದ ಆಜ್ಞೆ, ಕೈಯಲ್ಲೊಂದು ಹಾಜರಿ ಪುಸ್ತಕ, ಇಷ್ಟಾದರೂ ಬೇಕು. ಐನಾಪುರದ ಒಬ್ಬ ಹುಡುಗಿಗೆ ಇವಾವುವೂ ಇಲ್ಲದೆ, ಹದಿನಾರು ತುಂಬುತ್ತಿರುವಾಗಲೇ ಈ ಹೆಸರು ಬಂದು ಅಂಟಿಕೊಂಡಿತು. ಮನೆಯಲ್ಲಿ ‘ಲೇ’ ಎಂದು ಕೂಗಿಸಿಕೊಳ್ಳುವವಳು ಸಂಜೆ ಐದು ಗಂಟೆಗೆ ಓಣಿಯ ತಿರುವು ದಾಟಿದೊಡನೆ ‘ಅಕ್ಕೋರ’ ಆಗುತ್ತಿದ್ದಳು. ಮೊದಮೊದಲು ಆ ಕೂಗು ಕೇಳಿದಾಗ ಆಕೆ ಹಿಂದಿರುಗಿ, ಬೇರೆ ಯಾರೋ ಬಂದಿರಬೇಕೆಂದು ನೋಡಿದ್ದೂ ಉಂಟು.

ಐನಾಪುರವಿರುವುದು ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಕೃಷ್ಣಾ ನದಿಯ ಬಯಲಿನಲ್ಲಿ. ಬಹುಕಾಲ ಅಥಣಿ ತಾಲೂಕಿಗೆ ಸೇರಿದ್ದ ಈ ಊರು, ಕಾಗವಾಡವು 2018ರಲ್ಲಿ ತಾಲೂಕಾದ ಮೇಲೆ ಅದರ ಪಾಲಿಗೆ ಬಂತು. ಮಹಾರಾಷ್ಟ್ರದ ಗಡಿ ಇಲ್ಲಿಂದ ದೂರವಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಈ ಸೀಮೆಯೆಲ್ಲ ಮುಂಬಯಿ ಪ್ರಾಂತದಲ್ಲಿತ್ತು. ಆದುದರಿಂದ ಇಲ್ಲಿಯ ಮನೆಗಳಲ್ಲಿ ಕನ್ನಡ ಅಡಿಗೆಮನೆಯಲ್ಲಿದ್ದರೆ ಮರಾಠಿ ಪಡಸಾಲೆಯಲ್ಲಿರುತ್ತದೆ. ಕೆಲವು ಮನೆಗಳಲ್ಲಿ ಅದರ ತಿರುಗುಮುರುಗು. ಸುತ್ತಲೂ ಕಬ್ಬಿನ ಗದ್ದೆ. ಸಮೀಪದ ಉಗಾರದಲ್ಲಿ 1939ರಷ್ಟು ಹಿಂದೆಯೇ ಸಕ್ಕರೆ ಕಾರಖಾನೆ ಹುಟ್ಟಿತು. ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ನುರಿಸುವ ಕೆಲಸ ಆರಂಭವಾಯಿತೆಂದರೆ, ಹೋಳಿಯ ಹತ್ತಿರದವರೆಗೂ ಇಲ್ಲಿಯ ಗಾಳಿಗೆ ಕಾಕಂಬಿಯ ವಾಸನೆಯೇ.

ಹುಡುಗಿಯ ತಂದೆ ದರ್ಜಿ. ತಾಯಿ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ಮನೆಯಲ್ಲಿ ಆಯಿ, ಎಂದರೆ ತಂದೆಯ ತಾಯಿ, ಎಲ್ಲರ ಮೇಲೂ ಅಧಿಕಾರ ನಡೆಸುವ ಮುದುಕಿ. 2019ರ ಆಗಸ್ಟಿನಲ್ಲಿ ಕೃಷ್ಣೆಗೆ ಮಹಾಪೂರ ಬಂದು ನದಿಯ ದಂಡೆಯ ಊರುಗಳ ಶಾಲೆಗಳು ಕೆಲಕಾಲ ಮುಚ್ಚಿದವು. ಅದರ ಕೆಸರು ಒಣಗುವಷ್ಟರಲ್ಲಿ 2020ರ ಮಾರ್ಚಿಯಲ್ಲಿ ಕೊರೋನಾ ಬಂದು ನಾಡಿನ ಶಾಲೆಗಳೆಲ್ಲ ಬಾಗಿಲು ಹಾಕಿದವು. ಆ ವರ್ಷ ಸರಕಾರವು ‘ವಿದ್ಯಾಗಮ’ವೆಂಬ ಯೋಜನೆಯಡಿ ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳು, ಎಲ್ಲಿ ಜಾಗ ಸಿಕ್ಕೀತೋ ಅಲ್ಲಿ ಮಕ್ಕಳನ್ನು ಗುಂಪುಗುಂಪಾಗಿ ಕೂಡಿಸಿ ಪಾಠ ಹೇಳಿಸಿತು, ಅಕ್ಟೋಬರದಲ್ಲಿ ಅದೂ ನಿಂತಿತು. ಆ ಕಾಲದಲ್ಲಿ ಓಣಿಯ ಕೊನೆಗಿದ್ದ ಚಿಕ್ಕದೊಂದು ಚರ್ಚಿನ ಸಭಾಪಾಲಕರ ಹೆಂಡತಿ ತಮ್ಮ ಅಂಗಳದಲ್ಲಿ ನಾಲ್ಕಾರು ಮಕ್ಕಳನ್ನು ಕೂಡಿಸಿಕೊಂಡರು. ಶಾಲೆಗಳು ಮತ್ತೆ ತೆರೆದವು. ಅಂಗಳದ ಪಾಠ ಮಾತ್ರ ನಿಲ್ಲಲಿಲ್ಲ. ಶಾಲೆ ಬಿಟ್ಟ ಮೇಲೆ ಐದರಿಂದ ಆರೂವರೆಯವರೆಗೆ, ಚರ್ಚಿನ ಹಿಂದಿನ ಕೋಣೆಯಲ್ಲಿ ಅದು ನಡೆದೇ ನಡೆಯಿತು. ಮಕ್ಕಳು ಅವರನ್ನು ‘ಅಮ್ಮಾರು’ ಎನ್ನುತ್ತಿದ್ದರು. ಅಮ್ಮಾರಿಗೆ ವಯಸ್ಸಾಗುತ್ತ ಬಂದಿತ್ತು, ಮಂಡಿನೋವು ಬೇರೆ. 2023ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿ ಕಾಲೇಜು ಸೇರಿದ್ದ ದರ್ಜಿಯ ಮಗಳನ್ನು ಅವರು ಕರೆಸಿ, “ಸಣ್ಣವ್ರನ್ನ ನೀ ನೋಡಿಕೊಳ್ಳವಾ” ಎಂದರು.

ಆಯಿ ಒಪ್ಪಲಿಲ್ಲ. “ಗುಡಿ ಬಿಟ್ಟ ಚರ್ಚಿಗೆ ಯಾಕ ಹೋಗ್ತಿ? ಮನ್ಯಾಗ ರೊಟ್ಟಿ ಬಡಿಯೂದ ಕಲಿ ಮೊದಲ!” ಎಂದಳು. ಎಂದೂ ಅತ್ತೆಗೆ ಎದುರಾಡದಿದ್ದ ತಾಯಿ ಅಂದು ಒಲೆಯ ಮುಂದಿನಿಂದಲೇ ಉತ್ತರಿಸಿದಳು: “ರೊಟ್ಟಿ ನಾ ಬಡೀತೇನ್ರಿ ಅತ್ತಿ. ನನಗ ನಾಕನೇತ್ತಾ ಮುಂದ ಯಾರೂ ಕಲಸ್ಲಿಲ್ಲ. ಆಕಿ ನಾಕ ಮಂದಿಗೆ ಕಲಸ್ಲಿ.” ತಂದೆ ಏನೂ ಹೇಳದೆ, ಪಾಟಿ ಒರೆಸುವುದಕ್ಕೆಂದು ಒಂದು ಚೀಲ ಚಿಂದಿಬಟ್ಟೆ ಕಟ್ಟಿಕೊಟ್ಟನು. ಮಾತಿಲ್ಲದ ಗಂಡಸರು ಪಕ್ಷ ವಹಿಸುವ ರೀತಿ ಹೀಗೆಯೇ ಇರುತ್ತದೆ.

ಕೋಣೆಯಲ್ಲಿ ಇಪ್ಪತ್ತಕ್ಕೂ ಮಿಕ್ಕಿ ಮಕ್ಕಳು. ಎಲ್ಲ ಜಾತಿಯವರು, ಎಲ್ಲ ದೇವರವರು. ಆ ಒಂದೂವರೆ ಗಂಟೆ ಬರೆಹ ಮತ್ತು ಲೆಕ್ಕಕ್ಕೆ ಮಾತ್ರ ಮೀಸಲೆಂದು ಸಭಾಪಾಲಕರು ಮೊದಲ ದಿನವೇ ಹೇಳಿದ್ದರು. ಮಕ್ಕಳು ಬರುವುದಕ್ಕೆ ವಿದ್ಯೆಯ ಹಂಬಲ ಒಂದೇ ಕಾರಣವಾಗಿರಲಿಲ್ಲ. ಆರೂವರೆಗೆ ಹಂಚುತ್ತಿದ್ದ ಚುರಮುರಿಯೂ ಕಾರಣವಾಗಿತ್ತು. ಆದರೆ ಹುಡುಗಿಯನ್ನು ಬೆಚ್ಚಿಸಿದ ಸಂಗತಿ ಬೇರೆ. ನಾಲ್ಕನೆಯ ತರಗತಿಯ ಮಕ್ಕಳಲ್ಲಿ ಹಲವರಿಗೆ ಕಾಗುಣಿತ ನೆಟ್ಟಗೆ ಬರುತ್ತಿರಲಿಲ್ಲ. ಲೆಕ್ಕ ಹಾಕಿ ನೋಡಿದರೆ ಅವರು ಒಂದನೆಯ ತರಗತಿಯಲ್ಲಿದ್ದುದು 2020ರಲ್ಲಿ! ಅಕ್ಷರ ತಿದ್ದಬೇಕಾದ ವರ್ಷವನ್ನು ರೋಗವೇ ನುಂಗಿಬಿಟ್ಟಿತ್ತು. ಕೆಳಗಿನ ಮೆಟ್ಟಿಲು ಕಟ್ಟದೆ ಮೇಲಿನ ಮೆಟ್ಟಿಲಿಗೆ ಅವರನ್ನು ಎತ್ತಿ ನಿಲ್ಲಿಸಿದಂತಾಗಿತ್ತು.

ಹುಡುಗಿ ತನಗೆ ತಿಳಿದ ರೀತಿಯಲ್ಲಿಯೇ ಮೊದಲಿನಿಂದ ತೊಡಗಿದಳು. ಆಕೆ ಕಲಿತದ್ದು ನಲಿ-ಕಲಿ ಪದ್ಧತಿಯಲ್ಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಈ ಪದ್ಧತಿ 2009ರ ಹೊತ್ತಿಗೆ ನಾಡಿನ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಇದರಲ್ಲಿ ವರ್ಣಮಾಲೆ ‘ಅ’ ಕಾರದಿಂದ ಆರಂಭವಾಗುವುದಿಲ್ಲ. ‘ರ, ಗ, ಸ, ದ, ಅ’ ಎಂದು ಆರಂಭವಾಗುತ್ತದೆ. ಇದನ್ನು ಕೇಳಿದ ಒಬ್ಬ ಮುತ್ಯಾ ಕಿಟಕಿಯ ಹೊರಗೆ ನಿಂತು, “ಇದೆಂಥಾ ಸಾಲಿ! ಅ ಹುಟ್ಟೂ ಮೊದಲ ರ ಹುಟ್ಟೇತೇನು?” ಎಂದು ನಕ್ಕನು. ಹುಡುಗಿ ಅವನನ್ನು ಒಳಗೆ ಕರೆದು ಕೂಡಿಸಿ, ಐದೇ ಅಕ್ಷರಗಳನ್ನು ಕಪ್ಪುಹಲಗೆಯ ಮೇಲೆ ಬರೆದಳು. ಮಕ್ಕಳು ಒಂದೊಂದಾಗಿ ಕೂಡಿಸುತ್ತ ಬಂದರು: ಸರ, ದರ, ಅಗಸ, ಅರಸ, ಗರಗಸ, ದಸರ. ಐದು ಅಕ್ಷರ ಬಂದೊಡನೆಯೇ ಮಗು ಪದಗಳನ್ನು ಓದಬಲ್ಲದು. ಹಳೆಯ ಕ್ರಮದಲ್ಲಿಯಾದರೆ ಸ್ವರಗಳನ್ನೆಲ್ಲ ಮುಗಿಸಿದರೂ ಓದುವುದಕ್ಕೆ ಪದಗಳು ಸಿಕ್ಕುವುದು ಅಪರೂಪ. ಮುತ್ಯಾ ಗರಗಸವನ್ನು ಎರಡು ಸಲ ಓದಿಸಿ ಕೇಳಿ, “ಹೂಂ, ಕೊಯ್ತೈತಿ ಬಿಡು” ಎಂದು ಎದ್ದುಹೋದನು.

ಲೆಕ್ಕದಲ್ಲಿ ತೊಡಕು ಇನ್ನೂ ಹೆಚ್ಚಿನದಾಗಿತ್ತು. ಐವತ್ತೆರಡರಲ್ಲಿ ಇಪ್ಪತ್ತೇಳನ್ನು ಕಳೆಯೆಂದರೆ ಅರ್ಧಕ್ಕರ್ಧ ಮಕ್ಕಳು ಮೂವತ್ತೈದು ಎಂದು ಬರೆದರು. ಗದರಿಸುವುದು ಸುಲಭವಾಗಿತ್ತು. ಆದರೆ ಎಲ್ಲರೂ ಒಂದೇ ತಪ್ಪನ್ನು ಮಾಡಿದರೆ ಅದರೊಳಗೆ ಏನೋ ಒಂದು ನ್ಯಾಯವಿರಬೇಕೆಂದು ಆಕೆಗೆ ಹೊಳೆಯಿತು. ನೋಡಿದರೆ ಅದು ನಿಜ: ಎರಡರಲ್ಲಿ ಏಳು ಹೋಗದು, ಆದುದರಿಂದ ಮಕ್ಕಳು ಏಳರಲ್ಲಿ ಎರಡನ್ನು ಕಳೆದಿದ್ದರು. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕೆಂದು ಯಾರೋ ಕಲಿಸಿದ್ದನ್ನೇ ಅವರು ವಿಧೇಯತೆಯಿಂದ ಪಾಲಿಸಿದ್ದರು! ಮರುದಿನ ಆಕೆ ಕಸಬರಿಗೆಯ ಕಡ್ಡಿಗಳನ್ನು ತಂದು, ತಂದೆಯ ಅಂಗಡಿಯ ದಾರದಿಂದ ಹತ್ತು ಹತ್ತರ ಕಟ್ಟು ಕಟ್ಟಿದಳು. ಐದು ಕಟ್ಟು, ಎರಡು ಬಿಡಿ ಕಡ್ಡಿ. ಒಂದು ಕಟ್ಟಿನ ದಾರ ಬಿಚ್ಚಿದರೆ ಬಿಡಿ ಕಡ್ಡಿ ಹನ್ನೆರಡು. ಅದರಲ್ಲಿ ಏಳು ತೆಗೆದರೆ ಐದು. ಉಳಿದ ನಾಲ್ಕು ಕಟ್ಟಿನಲ್ಲಿ ಎರಡು ತೆಗೆದರೆ ಎರಡು. ಉತ್ತರ ಇಪ್ಪತ್ತೈದು. ‘ದಶಕ ಎರವಲು’ ಎಂಬ ಶಬ್ದವನ್ನು ವರ್ಷಗಟ್ಟಲೆ ಕೇಳಿದ್ದ ಮಕ್ಕಳು, ದಾರ ಬಿಚ್ಚಿದ ಆ ಕ್ಷಣದಲ್ಲಿ ಅದನ್ನು ಕಣ್ಣಾರೆ ಕಂಡರು.

ದೊಡ್ಡ ಮಗು ಚಿಕ್ಕ ಮಗುವಿಗೆ ಕಲಿಸುವ ಈ ಏರ್ಪಾಡು ಹೊಸದೇನೂ ಅಲ್ಲ. 1823ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಪ್‌ಬೆಲ್ ಎಂಬಾತನು ತನ್ನ ಜಿಲ್ಲೆಯ ದೇಶೀಯ ಶಾಲೆಗಳ ಬಗೆಗೆ ಸರಕಾರಕ್ಕೆ ವರದಿ ಕಳಿಸಿದನು. ಅವನ ಎಣಿಕೆಯಂತೆ ಅಲ್ಲಿ 533 ಶಾಲೆಗಳು. ಅವುಗಳಲ್ಲಿ 235 ಕನ್ನಡದವು. ಮುಂದುವರಿದ ವಿದ್ಯಾರ್ಥಿಗಳು ಹಿಂದಿನವರಿಗೆ ಪಾಠ ಹೇಳುವ ಆ ಶಾಲೆಗಳ ಪದ್ಧತಿಯನ್ನು ಅವನು ಮನಸಾರೆ ಮೆಚ್ಚಿ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಸರಿಯೇ ಎಂದು ಅಭಿಪ್ರಾಯಪಟ್ಟನು. ಅನುಕರಣದ ಕಥೆಯೂ ಸ್ವಾರಸ್ಯವಾಗಿದೆ. 1789ರಲ್ಲಿ ಮದರಾಸಿನ ಸೈನಿಕರ ಅನಾಥ ಬಾಲಕರ ಆಶ್ರಮಕ್ಕೆ ಮೇಲ್ವಿಚಾರಕನಾಗಿ ಬಂದ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು, ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡನು. ತನ್ನ ಉಪಾಧ್ಯಾಯರು ಈ ಕ್ರಮವನ್ನು ಒಲ್ಲೆನೆಂದಾಗ, ಅವನು ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನ ಕೈಗೆ ಅಕ್ಷರದ ತರಗತಿಯನ್ನು ಒಪ್ಪಿಸಿದನು. ಹಿರಿಯರು ಕೈಬಿಟ್ಟ ಕೆಲಸವನ್ನು ಹುಡುಗ ಮಾಡಿ ತೋರಿಸಿದನು. ಬೆಲ್ 1797ರಲ್ಲಿ ಇದನ್ನು ಲಂಡನ್ನಿನಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ ಮೇಲೆ ‘ಮದರಾಸು ಪದ್ಧತಿ’ ಎಂಬ ಹೆಸರಿನಲ್ಲಿ ಅದು ದೂರದೂರ ಹಬ್ಬಿತು. ಅದಕ್ಕೂ ಮೊದಲು, 1780ರಲ್ಲಿ, ಇಂಗ್ಲೆಂಡಿನ ಗ್ಲಾಸ್ಟರ್ ನಗರದಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕೆಯವನು ವಾರವೆಲ್ಲ ದುಡಿಯುತ್ತಿದ್ದ ಬಡಮಕ್ಕಳಿಗೆ ಭಾನುವಾರ ಓದು ಕಲಿಸುವ ಶಾಲೆ ತೆರೆದಿದ್ದನು. ಐನಾಪುರದ ಹಿಂಗೋಣೆಯಲ್ಲಿ ಈ ಎರಡು ಪರಂಪರೆಗಳೂ, ಯಾರಿಗೂ ತಿಳಿಯದಂತೆ, ಒಂದೇ ಚಾಪೆಯ ಮೇಲೆ ಕುಳಿತಿದ್ದವು.

2023ರ ದೀಪಾವಳಿ ಮುಗಿಯಿತು. ಪ್ರತಿ ವರ್ಷದಂತೆ ಕಬ್ಬು ಕಡಿಯುವ ತಂಡಗಳು ಮರಾಠವಾಡದ ಕಡೆಯಿಂದ ಟ್ರ್ಯಾಕ್ಟರುಗಳ ಮೇಲೆ ಹಂಡೆ, ಹಾಸಿಗೆ, ಮೇಕೆಗಳೊಡನೆ ಬಂದಿಳಿದವು. ಈ ಕೆಲಸದಲ್ಲಿ ಗಂಡಹೆಂಡಿರ ಜೋಡಿಗೆ ‘ಕೋಯತಾ’ ಎಂದು ಹೆಸರು. ಕೋಯತಾ ಎಂದರೆ ಕುಡುಗೋಲು. ಇಬ್ಬರು ಮನುಷ್ಯರನ್ನು ಒಂದು ಕುಡುಗೋಲೆಂದು ಎಣಿಸುವ ಲೆಕ್ಕವದು. ಮಳೆಗಾಲದಲ್ಲಿಯೇ ಮುಕಾದಮನಿಂದ ‘ಉಚಲ್’ ಎಂಬ ಮುಂಗಡ ಪಡೆದಿರುತ್ತಾರೆ. ಅದು ತೀರುವವರೆಗೆ ಕಡಿಯಬೇಕು. ನಸುಕಿನಲ್ಲಿ ಗದ್ದೆಗಿಳಿದವರು ಮರಳುವುದು ಕತ್ತಲಾದ ಮೇಲೆ. ಮಕ್ಕಳು ಗುಡಿಸಲ ಬಳಿ ಉಳಿಯುತ್ತಾರೆ, ಇಲ್ಲವೆ ಸೋಗೆ ಆಯುತ್ತಾರೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವು ಹಕ್ಕೆಂಬ ಕಾನೂನು 2010ರ ಏಪ್ರಿಲ್ 1ರಂದು ಜಾರಿಗೆ ಬಂದಿದೆ. ಇಂತಹ ಮಕ್ಕಳಿಗಾಗಿ ಮಹಾರಾಷ್ಟ್ರದಲ್ಲಿ ‘ಸಾಖರ ಶಾಳೆ’ಗಳೂ ಕರ್ನಾಟಕದಲ್ಲಿ ಟೆಂಟು ಶಾಲೆಗಳೂ ನಡೆದದ್ದುಂಟು. ಆದರೆ ಊರಿನ ಶಾಲೆಯ ಹಾಜರಿಯಲ್ಲಿ ಹೆಸರು, ಕಬ್ಬಿನ ಗದ್ದೆಯಲ್ಲಿ ಮಗು ಎಂಬ ಸ್ಥಿತಿ ಇನ್ನೂ ತಪ್ಪಿಲ್ಲ.

ಅಂತಹ ಒಬ್ಬ ಹುಡುಗ, ಎಂಟು ವರ್ಷದವನು, ಒಂದು ಸಂಜೆ ಚುರಮುರಿಯ ವಾಸನೆ ಹಿಡಿದು ಬಾಗಿಲಲ್ಲಿ ಬಂದು ನಿಂತನು. ಒಳಗೆ ಕರೆದರು, ಬಂದನು, ತಿಂದನು, ಹೋದನು. ಮರುದಿನ ಮತ್ತೆ ಬಂದನು. ಮೂರನೆಯ ದಿನ ಹುಡುಗಿ ಅವನ ಮುಂದೆ ಪಾಟಿ ಇಟ್ಟು ‘ರ’ ಬರೆದಳು. ಅವನು ಸುಮ್ಮನೆ ನೋಡಿದನು. ವಾರ ಕಳೆದರೂ ಬಾಯಿ ಬಿಡಲಿಲ್ಲ. “ಇವಗ ತಲೀ ಇಲ್ರಿ ಅಕ್ಕೋರ” ಎಂದು ಉಳಿದ ಮಕ್ಕಳು ತೀರ್ಪು ಕೊಟ್ಟರು. ಆದರೆ ಚುರಮುರಿ ಹಂಚುವಾಗ ಎಷ್ಟು ಮಕ್ಕಳಿಗೆ ಎಷ್ಟು ಬಟ್ಟಲು ಬೇಕು, ಎಷ್ಟು ಕಡಿಮೆಯಾಯಿತು ಎಂಬುದನ್ನು ಅವನು ಬೆರಳು ಮಡಿಸದೆ ಮರಾಠಿಯಲ್ಲಿ ಹೇಳಿಬಿಡುತ್ತಿದ್ದನು. ತಲೆ ಇತ್ತು, ಭಾಷೆ ಬೇರೆಯಿತ್ತು, ಅಷ್ಟೆ.

ಹುಡುಗಿಗೆ ಇಲ್ಲೊಂದು ಧರ್ಮಸಂಕಟ ಒದಗಿತು. ಇವನು ಇಲ್ಲಿರುವುದು ನಾಲ್ಕು ತಿಂಗಳು. ಅಷ್ಟರಲ್ಲಿ ಕಷ್ಟಪಟ್ಟು ಕನ್ನಡ ಅಕ್ಷರ ಕಲಿಸಬಹುದು. ಆದರೆ ಅದನ್ನು ಕಟ್ಟಿಕೊಂಡು ಅವನು ತನ್ನ ಊರಿನಲ್ಲಿ ಓದುವುದೇನು? ಗಡಿಯ ಊರಿನಲ್ಲಿ ಬೆಳೆದವಳಿಗೆ ಇದು ಬರಿಯ ಲಿಪಿಯ ಪ್ರಶ್ನೆಯಲ್ಲವೆಂದು ಗೊತ್ತಿತ್ತು. ಯಾವ ಭಾಷೆಯ ಫಲಕ ಮೇಲಿರಬೇಕು, ಯಾವುದು ಕೆಳಗಿರಬೇಕು ಎಂಬುದಕ್ಕೆ ದೊಡ್ಡವರು ಜಗಳಾಡುವುದನ್ನು ಆಕೆ ಕಂಡಿದ್ದಳು. ಅಮ್ಮಾರನ್ನು ಕೇಳಿದಾಗ ಅವರು, “ನಿನಗೇನು ಬೇಕು ಅನ್ನೂದು ಬಿಡು. ಕೂಸಿಗೆ ಯಾವ ಅಕ್ಷರ ಬೇಕೋ ಅದನ್ನ ಕೊಡು” ಎಂದರು.

ಕೊಡುವುದಾದರೂ ಹೇಗೆ? ಆಕೆ ಮರಾಠಿ ಓದಿದವಳಲ್ಲ. ಶಾಲೆಯಲ್ಲಿ ಕಲಿತ ಹಿಂದಿಯಿಂದ ನಾಗರಿ ಲಿಪಿ ಗೊತ್ತಿತ್ತು. ಮಾತು ಆಯಿಯಿಂದ ಬಂದಿತ್ತು. ಚರ್ಚಿಗೆ ಹೋಗಬೇಡವೆಂದ ಆಯಿಯೇ ಈಗ ಉಪಯೋಗಕ್ಕೆ ಬಂದಳು. ದಿನವೂ ರಾತ್ರಿ ಹುಡುಗಿ ಆಯಿಯ ಬಳಿ ಕುಳಿತು ಹತ್ತು ಮರಾಠಿ ಶಬ್ದ ಕೇಳಿ ಬರೆದುಕೊಳ್ಳುವಳು. ಒಂದು ಕಡೆ ತಡೆಯಾಯಿತು. ಕನ್ನಡದಲ್ಲಿರುವಂತೆ ಮರಾಠಿಯಲ್ಲಿಯೂ ‘ಳ’ ಇದೆ. ಆದರೆ ಆಕೆಯ ಹಿಂದಿ ಪುಸ್ತಕದಲ್ಲಿ ಆ ಅಕ್ಷರವಿರಲಿಲ್ಲ. ಆಯಿಗೆ ಮಾತು ಬರುವುದೇ ಹೊರತು ಓದು ಬಾರದು. ಕೊನೆಗೆ ಗೋಡೆಗೆ ತೂಗುಹಾಕಿದ್ದ ಮರಾಠಿ ‘ಕಾಲನಿರ್ಣಯ’ದಲ್ಲಿ ವಾರಗಳನ್ನು ಎಣಿಸುತ್ತ ಹೋಗಿ, ಮಂಗಳವಾರದ ನಡುವೆ ಅಡಗಿದ್ದ ಆ ಅಕ್ಷರವನ್ನು ಆಕೆ ಹಿಡಿದಳು. ತಾನು ಮೊದಲಿನಿಂದ ಆಡುತ್ತ ಬಂದ ಧ್ವನಿಯ ರೂಪವನ್ನು ಎಪ್ಪತ್ತು ದಾಟಿದ ಆಯಿಯೂ ಅಂದು ಮೊದಲ ಸಲ ನೋಡಿದಳು. “ಹಿಂಗ ಇರ್ತೈತೇನ ಇದು?” ಎಂದು ಬೆರಳಿನಿಂದ ಗೋಡೆಯ ಮೇಲೆ ತಿದ್ದಿದಳು.

ಹುಡುಗನ ಬಾಯಿ ತೆರೆಯಿತು. ತನ್ನ ಮಾತೇ ಪಾಟಿಯ ಮೇಲೆ ಕುಳಿತದ್ದನ್ನು ಕಂಡ ಮಗುವಿಗೆ ಸುಮ್ಮನಿರುವುದು ಸಾಧ್ಯವಾಗದು. ಸಂಕ್ರಾಂತಿಯ ಹೊತ್ತಿಗೆ ಅವನು ತಡವರಿಸುತ್ತ ಓದತೊಡಗಿದನು. ಚಿಕ್ಕವರಿಗೆ ಕಡ್ಡಿಯ ಕಟ್ಟು ಬಿಚ್ಚಿ ಕಳೆಯುವ ಲೆಕ್ಕ ತೋರಿಸುವ ಕೆಲಸವೂ ಅವನದಾಯಿತು. ಇತ್ತ ಹುಡುಗಿಗೆ ಫೆಬ್ರುವರಿಯಲ್ಲಿ ತನ್ನದೇ ಪರೀಕ್ಷೆ ಎದುರಿಗಿತ್ತು. ತಂದೆ ಮೊದಲ ಬಾರಿಗೆ, “ಹದಿನೈದ ದಿನಾ ಬಿಡು” ಎಂದನು. ಆಕೆ ಬಿಡಲಿಲ್ಲ, ನಸುಕಿನಲ್ಲಿ ಎದ್ದು ಓದಿಕೊಂಡಳು. ಹಿಂದಿನ ವರ್ಷಕ್ಕಿಂತ ಅಂಕಗಳು ಕೊಂಚ ಇಳಿದವು. ಆ ಇಳಿದ ಅಂಕಗಳ ಬಗೆಗೆ ಮನೆಯಲ್ಲಿ ಮಾತು ನಡೆದದ್ದು ಸಹಜ. ಪರರಿಗೆ ಕೊಟ್ಟ ಹೊತ್ತು ಎಲ್ಲಿಂದಲಾದರೂ ಬರಲೇಬೇಕಷ್ಟೆ.

ಫೆಬ್ರುವರಿಯ ಕೊನೆಯಲ್ಲಿ ತಂಡ ಹೊರಡುವ ಸಿದ್ಧತೆ ನಡೆಯಿತು. ಆ ಭಾನುವಾರ ಹುಡುಗಿ ಅವನಿಗೊಂದು ಹೊಸ ನೋಟುಬುಕ್ಕು ಕೊಡಲೆಂದು ಗುಡಿಸಲುಗಳತ್ತ ಹೋದಾಗ, ಮುಕಾದಮನು ತನ್ನ ವಹಿ ತೆರೆದು ಲೆಕ್ಕ ಹೇಳುತ್ತಿದ್ದನು. ಒಬ್ಬೊಬ್ಬರಾಗಿ ಬಂದು ಹೆಬ್ಬೆಟ್ಟು ಒತ್ತುತ್ತಿದ್ದರು. ಹುಡುಗನ ತಂದೆಯ ಸರದಿ ಬಂದಾಗ ಹುಡುಗ ವಹಿಯ ಮೇಲೆ ಬಗ್ಗಿ, ಮೊದಲು ತಂದೆಯ ಹೆಸರನ್ನು, ಆಮೇಲೆ ಅದರ ಮುಂದಿನ ಅಂಕಿಗಳನ್ನು, ಗಟ್ಟಿಯಾಗಿ ಓದಿದನು. ಉಚಲ್ ಇಷ್ಟು, ತೀರಿದ್ದು ಇಷ್ಟು, ಉಳಿದದ್ದು ಇಷ್ಟು. ಕೂಡಿ ಕಳೆದೂ ನೋಡಿದನು. ಲೆಕ್ಕ ಸರಿಯಾಗಿಯೇ ಇತ್ತು. ಸುತ್ತ ನಿಂತವರು ಮಾತಾಡಲಿಲ್ಲ. ಮುಕಾದಮನು ಹುಡುಗನನ್ನೊಮ್ಮೆ ನೋಡಿ, ವಹಿಯನ್ನು ಅವನಿಗೆ ಸರಿಯಾಗಿ ಕಾಣುವಂತೆ ತಿರುಗಿಸಿ ಇಟ್ಟನು. ತಂದೆಯ ಲಕ್ಷ್ಯ ಅಂಕಿಗಳ ಮೇಲಿರಲಿಲ್ಲ. ಅವನು ಮಗನ ಬೆರಳು ನಿಂತ ಕಡೆ ನೋಡುತ್ತ, “ನನ್ನ ಹೆಸರು ಇಷ್ಟೇ ಉದ್ದವೇ?” ಎಂದು ಮರಾಠಿಯಲ್ಲಿ ಕೇಳಿದನು. ಅವನ ಮುಂದಿನ ಹೆಬ್ಬೆಟ್ಟಿನ ಗುರುತುಗಳೆಲ್ಲ ಆ ಹೆಸರಿಗಿಂತ ದೊಡ್ಡದಾಗಿದ್ದವು.

ಉಳಿದ ಬಾಕಿ ಉಳಿದೇ ಇತ್ತು. ಅಕ್ಷರವು ಸಾಲವನ್ನು ತೀರಿಸುವುದಿಲ್ಲ. ಎಷ್ಟಿದೆಯೆಂದು ಹೇಳುತ್ತದೆ, ಅಷ್ಟೆ. ಆದರೆ ತನ್ನ ಸಾಲ ಎಷ್ಟೆಂದು ಬಲ್ಲವನೂ ಇನ್ನೊಬ್ಬನು ಹೇಳಿದಷ್ಟನ್ನು ನಂಬಬೇಕಾದವನೂ ಒಂದೇ ಅಲ್ಲ.

ಶಿವರಾತ್ರಿಗೆ ಮುಂಚೆಯೇ ಟ್ರ್ಯಾಕ್ಟರು ಹೊರಟುಹೋಯಿತು. ಮುಂದಿನ ಹಂಗಾಮಿನಲ್ಲಿ ತಂಡಗಳು ಬಂದವು; ಆ ಹುಡುಗನ ಕುಟುಂಬ ಅವುಗಳಲ್ಲಿ ಇರಲಿಲ್ಲ. ಬೇರೆ ಕಾರಖಾನೆಗೆ ಹೋದರೋ, ಇಲ್ಲವೆ ಊರಿನಲ್ಲಿಯೇ ಉಳಿದು ಮಗನನ್ನು ಶಾಲೆಗೆ ಹಚ್ಚಿದರೋ, ಕೇಳಲು ಯಾರೂ ಇರಲಿಲ್ಲ. ಹುಡುಗಿ ಪ್ರತಿಯೊಂದು ಟ್ರ್ಯಾಕ್ಟರು ಹಾದುಹೋದಾಗಲೂ ತಲೆಯೆತ್ತಿ ನೋಡುವುದನ್ನು ಕಂಡ ಅಮ್ಮಾರು ಒಂದು ದಿನ, “ಬಾರದಿದ್ರ ಛಲೋ ಅಂತ ತಿಳಿಕೋ” ಎಂದರು. ಶಾಲೆಯ ಮಗು ಕಬ್ಬಿನ ಗದ್ದೆಗೆ ಮರಳದಿರುವುದೇ ಒಳ್ಳೆಯ ಸುದ್ದಿಯಿರಬಹುದೆಂಬುದು ಆಕೆಗೂ ಅರ್ಥವಾಯಿತು. ಆದರೂ ನೋಡುವುದು ನಿಲ್ಲಲಿಲ್ಲ.

2025ರಲ್ಲಿ ಆಕೆ ಪದವಿಯ ಓದಿಗಾಗಿ ಬೇರೆ ಊರಿನ ಕಾಲೇಜು ಸೇರಿದಳು. ಹಿಂಗೋಣೆಯ ಪಾಠ ನಿಂತಿಲ್ಲ. ಅಂದು ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆದು ಮೂವತ್ತೈದು ಎಂದು ಬರೆದಿದ್ದ ಮಕ್ಕಳಲ್ಲಿ ಒಬ್ಬಳು ಈಗ ಚಿಕ್ಕವರನ್ನು ಕೂಡಿಸಿಕೊಂಡು ಕಡ್ಡಿಯ ಕಟ್ಟು ಬಿಚ್ಚುತ್ತಾಳೆ. ದರ್ಜಿಯು ಚಿಂದಿಯ ಚೀಲವನ್ನು ಈಗಲೂ ಕಳಿಸುತ್ತಾನೆ. ಆ ಹೊಸ ಹುಡುಗಿಗೆ ಇನ್ನೂ ಹನ್ನೆರಡೇ ವರ್ಷ; ಎತ್ತರವೂ ಇಲ್ಲ, ಗದರಿಸುವ ಧ್ವನಿಯೂ ಇಲ್ಲ. ಆದರೆ ರಬ್ಬರಿನ ಜಗಳ ಬಂದಾಗ ಚಿಕ್ಕವರು ದೂರು ಒಯ್ಯುವುದು ಅವಳ ಬಳಿಗೇ: “ನೋಡ್ರಿ ಅಕ್ಕೋರ, ಇವ ನಂದು ತಗೊಂಡಾನ್ರಿ!”